ಜಿಪಿಯು ಬಗ್ಗೆ ಎಲ್ಲರೂ ಮಾತಾಡ್ತಾರೆ, ನಡುವಿನ ದಾರಿ ಬಗ್ಗೆ ಯಾರು?

ಎಐ ಅಂದ ಕೂಡಲೇ ನಮ್ಮ ಕಾಲೇಜಿನಲ್ಲಿ ಎಲ್ಲರ ಬಾಯಿಗೂ ಬರುವ ಪದ ಜಿಪಿಯು. ಯಾವ ಕಂಪನಿ ಎಷ್ಟು ಸಾವಿರ ಜಿಪಿಯು ಕೊಂಡಿತು, ಹೊಸ ಮಾಡೆಲ್ ಹಳೆಯದಕ್ಕಿಂತ ಎಷ್ಟು ಪಟ್ಟು ಫಾಸ್ಟ್, ಇದೆಲ್ಲ ಫಸ್ಟ್ ಇಯರ್ ಜೂನಿಯರ್‌ಗಳಿಗೂ ಬಾಯಿಪಾಠ. ಆದರೆ ಆ ಸಾವಿರಾರು ಚಿಪ್‌ಗಳು ಒಂದರ ಜೊತೆ ಇನ್ನೊಂದು ಹೇಗೆ ಮಾತಾಡ್ತವೆ ಅಂತ ಕೇಳಿ ನೋಡಿ. "ಕೇಬಲ್ ಇರುತ್ತಲ್ಲ" ಅನ್ನೋದೇ ಉತ್ತರ. ಅಲ್ಲಿಗೆ ಮಾತು ಮುಗಿಯಿತು.

ಮಾತು ನಿಜವಾಗಿ ಶುರುವಾಗಬೇಕಾದದ್ದೇ ಅಲ್ಲಿಂದ ಅನ್ನೋದು ನಮ್ಮ ಅಭಿಪ್ರಾಯ. ನಾವು ಅಂದ್ರೆ ಸೆಕೆಂಡ್ ಇಯರ್ ಇಲೆಕ್ಟ್ರಾನಿಕ್ಸ್ ವಿಭಾಗದ ಒಂದಷ್ಟು ಜನ. "ಕೋರ್ ಬ್ರಾಂಚ್‌ನಲ್ಲಿ ಏನಿದೆ ಈಗ, ಎಲ್ಲ ಸಾಫ್ಟ್‌ವೇರೇ" ಅಂತ ನೆಂಟರಿಂದ ಹಿಡಿದು ಸೀನಿಯರ್‌ಗಳವರೆಗೆ ಎಲ್ಲರಿಂದಲೂ ಕೇಳಿಸಿಕೊಂಡವರು. ಅದಕ್ಕೆ ಉತ್ತರ ಕೊಡೋಣ ಅಂತಲೇ ಈ ಲೇಖನ. ಇವತ್ತಿನ ಕಂಪ್ಯೂಟಿಂಗ್‌ನ ಅತಿ ಕಷ್ಟದ, ಅತಿ ಸ್ವಾರಸ್ಯದ ಕೆಲಸಗಳಲ್ಲಿ ಒಂದು ಶುದ್ಧ ಇಲೆಕ್ಟ್ರಾನಿಕ್ಸ್ ಕೆಲಸ. ಅದರ ಹೆಸರು ಪ್ಯಾರಲಲ್ ಆಪ್ಟಿಕಲ್ ಟ್ರಾನ್ಸ್‌ಮಿಟರ್. ಅಂದ್ರೆ ಒಂದೇ ಸಲಕ್ಕೆ ನಾಲ್ಕು, ಎಂಟು, ಹನ್ನೆರಡು ದಾರಿಗಳಲ್ಲಿ ಡೇಟಾವನ್ನು ಬೆಳಕಾಗಿಸಿ ಕಳಿಸುವ ಒಂದು ಪುಟ್ಟ ವಸ್ತು. ಅದನ್ನು ಡಿಸೈನ್ ಮಾಡುವುದು ಹೇಗೆ ಅಂತ ಅರ್ಥ ಮಾಡಿಕೊಂಡರೆ ನಮ್ಮ ಸಿಲೆಬಸ್‌ನ ಅರ್ಧದಷ್ಟು ವಿಷಯಗಳು "ಇದಕ್ಕಾಗಿಯಾ ಇದನ್ನು ಓದಿದ್ದು!" ಅನ್ನಿಸ್ತವೆ.

ತಾಮ್ರಕ್ಕೆ ಏನಾಯ್ತು?

ತಾಮ್ರದ ತಂತಿಯಲ್ಲಿ ಡಿಸಿ ಹರಿದಾಗ ಕರೆಂಟ್ ಇಡೀ ತಂತಿಯನ್ನು ಬಳಸಿಕೊಳ್ಳುತ್ತದೆ. ಫ್ರೀಕ್ವೆನ್ಸಿ ಏರಿದ ಹಾಗೆ ಅದು ಹೊರಮೈಗೆ ಸರಿಯುತ್ತದೆ. ಬಸ್ಸಿನೊಳಗೆ ಜಾಗ ಇದ್ದರೂ ಎಲ್ಲರೂ ಬಾಗಿಲ ಹತ್ತಿರವೇ ನಿಲ್ತಾರಲ್ಲ, ಹಾಗೆ. ಇದೇ ಸ್ಕಿನ್ ಎಫೆಕ್ಟ್. 1 ಗಿಗಾಹರ್ಟ್ಸ್‌ನಲ್ಲಿ ತಾಮ್ರದ ಸ್ಕಿನ್ ಡೆಪ್ತ್ ಸುಮಾರು 2 ಮೈಕ್ರಾನ್. 25 ಗಿಗಾಹರ್ಟ್ಸ್‌ಗೆ ಹೋದರೆ ಸುಮಾರು 0.4 ಮೈಕ್ರಾನ್. ತಂತಿ ಎಷ್ಟೇ ದಪ್ಪ ಇರಲಿ, ಕೆಲಸಕ್ಕೆ ಬರೋದು ಆ ತೆಳ್ಳನೆಯ ಸಿಪ್ಪೆ ಮಾತ್ರ. ರೆಸಿಸ್ಟೆನ್ಸ್ ಏರುತ್ತದೆ, ಸಿಗ್ನಲ್ ದಾರಿಯಲ್ಲೇ ಸೊರಗುತ್ತದೆ. ಜೊತೆಗೆ ತಂತಿಯ ಸುತ್ತಲಿನ ಪ್ಲಾಸ್ಟಿಕ್ಕೂ ತನ್ನ ಪಾಲಿನ ಶಕ್ತಿ ತಿನ್ನುತ್ತದೆ. ಒಂದು ಲೇನಿಗೆ 100 ಗಿಗಾಬಿಟ್ ವೇಗದಲ್ಲಿ ಸಾಧಾರಣ ತಾಮ್ರದ ಕೇಬಲ್ ಎರಡು ಮೀಟರ್ ಆಸುಪಾಸಿನಲ್ಲೇ ಕೈಚೆಲ್ಲುತ್ತದೆ. ಎರಡು ಮೀಟರ್ ಅಂದ್ರೆ ಒಂದು ರ್‍ಯಾಕಿನ ಎತ್ತರ. ಪಕ್ಕದ ಸಾಲಿನ ರ್‍ಯಾಕಿಗೆ ಹೋಗಬೇಕು ಅಂದ್ರೆ ಬೇರೆ ದಾರಿ ಹುಡುಕಲೇಬೇಕು.

ಆ ದಾರಿ ಗಾಜು. 1966ರಲ್ಲಿ ಚಾರ್ಲ್ಸ್ ಕಾವ್ ಮತ್ತು ಜಾರ್ಜ್ ಹಾಕ್‌ಹ್ಯಾಮ್ ಅವರು, ಗಾಜಿನಲ್ಲಿನ ಕಲ್ಮಶ ಕಡಿಮೆ ಮಾಡಿ ನಷ್ಟವನ್ನು ಕಿಲೋಮೀಟರಿಗೆ 20 ಡೆಸಿಬಲ್‌ಗೆ ಇಳಿಸಿದರೆ ಬೆಳಕಿನಲ್ಲಿ ಸಂವಹನ ಸಾಧ್ಯ ಅಂತ ತೋರಿಸಿದರು. 1970ರಲ್ಲಿ ಕಾರ್ನಿಂಗ್ ಕಂಪನಿ ಅದನ್ನು ಮಾಡಿ ತೋರಿಸಿತು. ಇವತ್ತಿನ ಫೈಬರ್‌ನಲ್ಲಿ ನಷ್ಟ ಕಿಲೋಮೀಟರಿಗೆ ಸುಮಾರು 0.2 ಡೆಸಿಬಲ್. ಡೇಟಾ ಸೆಂಟರಿನೊಳಗಿನ ನೂರು ಮೀಟರ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಹಾಗಾಗಿ ಡೇಟಾ ಸೆಂಟರಿನಲ್ಲಿ ಕಷ್ಟ ಇರೋದು ಫೈಬರ್‌ನಲ್ಲಿ ಅಲ್ಲ, ಅದರ ಎರಡು ತುದಿಗಳಲ್ಲಿ.

ಒಬ್ಬನೇ ಓಡಬೇಕೋ, ಹನ್ನೆರಡು ಜನ ನಡೆಯಬೇಕೋ?

ಮದುವೆ ಮನೆಯ ಪಂಕ್ತಿ ನೆನಪಿಸಿಕೊಳ್ಳಿ. ಇನ್ನೂರು ಎಲೆಗೆ ಬಡಿಸಬೇಕು. ಒಬ್ಬನನ್ನೇ ಓಡಿಸಬಹುದು. ಇಲ್ಲದಿದ್ದರೆ ಹನ್ನೆರಡು ಜನರನ್ನು ಸಮಾಧಾನವಾಗಿ ನಡೆಸಬಹುದು. ಯಾರೂ ಮೊದಲನೆಯದನ್ನು ಮಾಡಲ್ಲ. ಓಡುವವನು ಸಾರು ಚೆಲ್ಲುತ್ತಾನೆ, ಸುಸ್ತಾಗುತ್ತಾನೆ, ಅವನು ಬಿದ್ದರೆ ಊಟವೇ ನಿಂತುಹೋಗುತ್ತದೆ.

ಲೇಸರ್‌ನದ್ದೂ ಇದೇ ಕಥೆ. ಸೆಮಿಕಂಡಕ್ಟರ್ ಲೇಸರ್ ಎಷ್ಟು ಬೇಗ ಆನ್-ಆಫ್ ಆಗಬಲ್ಲದು ಅನ್ನೋದು ಅದರ ರಿಲ್ಯಾಕ್ಸೇಶನ್ ಫ್ರೀಕ್ವೆನ್ಸಿ ಮೇಲೆ ನಿಂತಿದೆ. ಆ ಫ್ರೀಕ್ವೆನ್ಸಿ ಥ್ರೆಶೋಲ್ಡ್‌ಗಿಂತ ಮೇಲೆ ಕೊಟ್ಟ ಕರೆಂಟಿನ ವರ್ಗಮೂಲದ ಹಾಗೆ ಏರುತ್ತದೆ. ವರ್ಗಮೂಲ ಅನ್ನೋ ಪದವನ್ನು ಸುಮ್ಮನೆ ದಾಟಿ ಹೋಗಬೇಡಿ, ಇಡೀ ವಾದ ಅದರಲ್ಲಿದೆ. ಅದೇ ಲೇಸರ್‌ನ ವೇಗ ಎರಡು ಪಟ್ಟಾಗಬೇಕಾದರೆ ಆ ಹೆಚ್ಚುವರಿ ಕರೆಂಟ್ ನಾಲ್ಕು ಪಟ್ಟಾಗಬೇಕು. ಕರೆಂಟ್ ಏರಿದರೆ ಬಿಸಿ ಏರುತ್ತದೆ. ಬಿಸಿ ಏರಿದರೆ ಒಂದು ಹಂತದ ಮೇಲೆ ವೇಗ ಹೆಚ್ಚುವುದೂ ನಿಲ್ಲುತ್ತದೆ, ಆಯಸ್ಸೂ ಕಡಿಮೆಯಾಗುತ್ತದೆ. ಅದರ ಬದಲು ಅದೇ ಲೇಸರ್ ಇನ್ನೊಂದನ್ನು ಪಕ್ಕದಲ್ಲಿ ಇಟ್ಟರೆ? ಡೇಟಾ ಎರಡು ಪಟ್ಟು, ಕರೆಂಟೂ ಎರಡೇ ಪಟ್ಟು. ಗಣಿತವೇ ಪ್ಯಾರಲಲ್ ಕಡೆ ಕೈ ತೋರಿಸುತ್ತಿದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. "ಪ್ಯಾರಲಲ್ ಸತ್ತು ಎಷ್ಟು ವರ್ಷ ಆಯ್ತು! ಹಳೆಯ ಪ್ರಿಂಟರ್ ಕೇಬಲ್ ಹೋಯ್ತು, ಹಾರ್ಡ್ ಡಿಸ್ಕಿನ ಅಗಲದ ರಿಬ್ಬನ್ ಕೇಬಲ್ ಹೋಗಿ ಸೀರಿಯಲ್ ಬಂತು, ಪಿಸಿಐ ಹೋಗಿ ಪಿಸಿಐ ಎಕ್ಸ್‌ಪ್ರೆಸ್ ಬಂತು." ನಿಜ. ಆದರೆ ಅಲ್ಲಿ ಸತ್ತದ್ದು ಪ್ಯಾರಲಲ್ ಅಲ್ಲ, ಎಲ್ಲ ತಂತಿಗಳಿಗೂ ಒಂದೇ ಕ್ಲಾಕ್ ಅನ್ನೋ ಪದ್ಧತಿ. ಪಿಸಿಐ ಎಕ್ಸ್‌ಪ್ರೆಸ್‌ನ ಹದಿನಾರು ಲೇನಿನ ಸ್ಲಾಟಿನಲ್ಲಿ ಹದಿನಾರು ಲೇನ್‌ಗಳು ಒಟ್ಟಿಗೇ ಓಡ್ತವೆ. ಪ್ರತಿ ಲೇನೂ ತನ್ನ ಕ್ಲಾಕನ್ನು ತನ್ನ ಡೇಟಾದೊಳಗೇ ಹೊತ್ತುಕೊಂಡು ಹೋಗುತ್ತದೆ, ಅಷ್ಟೇ ವ್ಯತ್ಯಾಸ. ಆಪ್ಟಿಕಲ್ ಲಿಂಕ್‌ಗಳೂ ಹೀಗೇ.

ಅಂದ ಹಾಗೆ, ಬೆಳಕನ್ನು ಪ್ಯಾರಲಲ್ ಆಗಿ ಕಳಿಸುವ ಕಥೆಯ ಆರಂಭದಲ್ಲೇ ಒಬ್ಬ ಭಾರತೀಯರಿದ್ದಾರೆ. ಪಂಜಾಬಿನ ಮೋಗಾದವರಾದ ನರಿಂದರ್ ಸಿಂಗ್ ಕಪಾನಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಜೊತೆ ಸೇರಿ, ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರ ಸಾಗಿಸಿದ್ದನ್ನು 1954ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಪ್ರತಿ ಎಳೆಯೂ ಚಿತ್ರದ ಒಂದೊಂದು ಚುಕ್ಕೆಯನ್ನು ಹೊತ್ತಿತ್ತು. ಪ್ಯಾರಲಲ್ ಅಲ್ಲದೆ ಇನ್ನೇನು ಅದು?

ಡಬ್ಬಿಯೊಳಗೆ ಏನಿದೆ

ಸ್ವಿಚ್‌ನ ಮುಂದೆ ಚುಚ್ಚುವ ಆಪ್ಟಿಕಲ್ ಮಾಡ್ಯೂಲ್ ನಮ್ಮ ಬೆರಳಿಗಿಂತ ಸ್ವಲ್ಪ ದೊಡ್ಡದು. ಹತ್ತಿರದ ದೂರಕ್ಕೆ ಬಳಸುವ ಮಾಡ್ಯೂಲ್‌ನ ಹೃದಯ ವಿಕ್ಸೆಲ್ ಅನ್ನೋ ಲೇಸರ್. ಸಾಮಾನ್ಯ ಡಯೋಡ್ ಲೇಸರ್ ಚಿಪ್‌ನ ಅಂಚಿನಿಂದ ಬೆಳಕು ಬಿಡುತ್ತದೆ. ವಿಕ್ಸೆಲ್ ಮೇಲ್ಮೈಯಿಂದ ನೆಟ್ಟಗೆ ಮೇಲಕ್ಕೆ ಬಿಡುತ್ತದೆ. ಟೋಕಿಯೋ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಕೆನಿಚಿ ಇಗಾ ಅವರಿಗೆ ಈ ಯೋಚನೆ ಹೊಳೆದದ್ದು 1977ರಲ್ಲಿ, ಮೊದಲ ಲೇಸರ್ ಬೆಳಗಿದ್ದು 1979ರಲ್ಲಿ. "ಮೇಲಕ್ಕೆ ಬಿಟ್ಟರೆ ಏನು ಮಹಾ?" ಅಂತ ಅನ್ನಿಸಬಹುದು. ಎರಡು ಲಾಭ ಇದೆ. ವೇಫರನ್ನು ಕತ್ತರಿಸುವ ಮೊದಲೇ ಪ್ರತಿ ಲೇಸರನ್ನೂ ಪರೀಕ್ಷೆ ಮಾಡಬಹುದು. ಮತ್ತೆ, ಸಾಲಾಗಿ ಹನ್ನೆರಡು ಲೇಸರನ್ನು ಒಂದೇ ಚಿಪ್‌ನಲ್ಲಿ ಮುದ್ರಿಸಿದ ಹಾಗೆ ಮಾಡಬಹುದು. ಪ್ಯಾರಲಲ್‌ಗೆ ಹೇಳಿ ಮಾಡಿಸಿದ ಹಾಗಿದೆ.

ಒಂದು ಲೇಸರ್‌ನಿಂದ ಪಕ್ಕದ ಲೇಸರ್‌ಗೆ 250 ಮೈಕ್ರಾನ್ ಅಂತರ. ಈ ಸಂಖ್ಯೆ ಎಲ್ಲಿಂದ ಬಂತು ಗೊತ್ತಾ? ಫೈಬರ್‌ನ ಗಾಜಿನ ದಪ್ಪ 125 ಮೈಕ್ರಾನ್, ಮೇಲಿನ ಲೇಪನ ಸೇರಿ 250 ಮೈಕ್ರಾನ್. ಫೈಬರ್‌ಗಳನ್ನು ಒಂದರ ಪಕ್ಕ ಒಂದು ಅಂಟಿಸಿ ರಿಬ್ಬನ್ ಮಾಡಿದರೆ ಅಂತರ ತಾನಾಗೇ 250 ಆಗುತ್ತದೆ. ಲೇಸರ್‌ಗಳು ಅದಕ್ಕೆ ಹೊಂದಿಕೊಂಡವು. ಹನ್ನೆರಡು ಲೇಸರ್‌ನ ಇಡೀ ಸಾಲು 3 ಮಿಲಿಮೀಟರಿಗಿಂತ ಕಡಿಮೆ. ಒಂದು ಅಕ್ಕಿಕಾಳಿನ ಉದ್ದವೂ ಇಲ್ಲ.

ಲೇಸರ್‌ಗಳ ಪಕ್ಕದಲ್ಲಿ ಡ್ರೈವರ್ ಚಿಪ್. ಪ್ರತಿ ಲೇಸರನ್ನೂ ಥ್ರೆಶೋಲ್ಡ್ ದಾಟಿಸಿ ಇಡಲು ಒಂದು ಬಯಾಸ್ ಕರೆಂಟ್, ಅದರ ಮೇಲೆ ಸೊನ್ನೆ ಮತ್ತು ಒಂದನ್ನು ಬರೆಯುವ ಮಾಡ್ಯುಲೇಶನ್ ಕರೆಂಟ್. ಎಲ್ಲ ಕೆಲವೇ ಮಿಲಿಆಂಪಿಯರ್ ಲೆಕ್ಕ. ಲೇಸರ್ ನಿಧಾನ ಮಾಡುವ ಕಡೆ ಸ್ವಲ್ಪ ಜಾಸ್ತಿ ತಳ್ಳುವ ಪ್ರೀ-ಎಂಫಸಿಸ್ ಬೇರೆ. ಬೆಳಕು ಮೇಲಕ್ಕೆ ಹೊರಟಿದೆ, ಫೈಬರ್ ಬೋರ್ಡಿಗೆ ಸಮನಾಗಿ ಮಲಗಿದೆ. ಹಾಗಾಗಿ ನಡುವೆ ಲೆನ್ಸ್‌ಗಳ ಸಾಲು, 45 ಡಿಗ್ರಿಯಲ್ಲಿ ಬೆಳಕನ್ನು ತಿರುಗಿಸುವ ಒಂದು ಮೈ. ಕೊನೆಗೆ ಹನ್ನೆರಡು ಫೈಬರ್ ಹಿಡಿಯುವ ಕನೆಕ್ಟರ್. ಹೇಳಿದರೆ ಇಷ್ಟೇ. ಆದರೆ ಇಷ್ಟನ್ನೂ ಒಟ್ಟಿಗೆ ಕೆಲಸ ಮಾಡಿಸೋದೇ ಇಂಜಿನಿಯರಿಂಗ್.

ಒಂದು ಸರಿ, ಹನ್ನೆರಡು ಯಾಕೆ ಕಷ್ಟ?

ಲ್ಯಾಬಿನಲ್ಲಿ ಒಂದು ಚಾನೆಲ್ ಕೆಲಸ ಮಾಡಿದರೆ ಹನ್ನೆರಡೂ ಮಾಡ್ತವೆ, ಕಾಪಿ-ಪೇಸ್ಟ್ ಅಂತ ಅನ್ನಿಸುತ್ತದೆ. ಹಾಗಲ್ಲ. ಒಂದಿದ್ದಾಗ ಇಲ್ಲದ ಐದು ತಲೆನೋವು ಹನ್ನೆರಡು ಆದಾಗ ಬರ್ತವೆ.

ಮೊದಲನೆಯದು ಬಿಸಿ. ಸಾಲಿನ ತುದಿಯಲ್ಲಿರುವ ಲೇಸರ್‌ಗೆ ಒಂದೇ ಕಡೆ ನೆರೆಮನೆ. ಮಧ್ಯದಲ್ಲಿರುವುದಕ್ಕೆ ಎರಡೂ ಕಡೆ ಉರಿಯುವ ಒಲೆ. ಹಾಗಾಗಿ ಮಧ್ಯದವು ಹೆಚ್ಚು ಬಿಸಿಯಾಗ್ತವೆ, ಅವುಗಳ ಥ್ರೆಶೋಲ್ಡ್ ಏರುತ್ತದೆ, ಅದೇ ಕರೆಂಟಿಗೆ ಕಡಿಮೆ ಬೆಳಕು ಬರುತ್ತದೆ. ಅವಕ್ಕೆ ಕರೆಂಟ್ ಜಾಸ್ತಿ ಕೊಟ್ಟರೆ ಇನ್ನೂ ಬಿಸಿ. ಎಲ್ಲಿ ನಿಲ್ಲಿಸಬೇಕು ಅನ್ನೋದನ್ನು ಡಿಸೈನರ್ ತೀರ್ಮಾನಿಸಬೇಕು.

ಎರಡನೆಯದು ಕ್ರಾಸ್‌ಟಾಕ್. ಹನ್ನೆರಡು ಡ್ರೈವರ್‌ಗಳಿಗೂ ಒಂದೇ ಪವರ್, ಒಂದೇ ಗ್ರೌಂಡ್. ಹನ್ನೊಂದು ಚಾನೆಲ್ ಒಟ್ಟಿಗೇ ಸೊನ್ನೆಯಿಂದ ಒಂದಕ್ಕೆ ಹಾರಿದರೆ ಗ್ರೌಂಡ್ ಅಲುಗಾಡುತ್ತದೆ, ಸುಮ್ಮನಿದ್ದ ಹನ್ನೆರಡನೆಯದು ನಡುಗುತ್ತದೆ. ಪಕ್ಕಪಕ್ಕದ ಬಾಂಡ್ ವೈರ್‌ಗಳು ಪುಟ್ಟ ಟ್ರಾನ್ಸ್‌ಫಾರ್ಮರ್‌ಗಳ ಹಾಗೆ ಒಂದರ ಸಿಗ್ನಲನ್ನು ಇನ್ನೊಂದಕ್ಕೆ ದಾಟಿಸ್ತವೆ. ಆದ್ದರಿಂದ ಒಂದೇ ಚಾನೆಲ್ ಆನ್ ಮಾಡಿ ತೆಗೆದ ಸುಂದರವಾದ ಐ ಡಯಾಗ್ರಾಮ್ ತೋರಿಸಿದರೆ ನಂಬಬೇಡಿ. ಹನ್ನೆರಡೂ ಓಡುವಾಗ ಕಣ್ಣು ಎಷ್ಟು ತೆರೆದಿದೆ ಅಂತ ಕೇಳಿ.

ಮೂರನೆಯದು ಅಲೈನ್‌ಮೆಂಟ್. ಮಲ್ಟಿಮೋಡ್ ಫೈಬರ್‌ನಲ್ಲಿ ಬೆಳಕು ಹೋಗುವ ಕೋರ್ 50 ಮೈಕ್ರಾನ್. ಸಿಂಗಲ್ ಮೋಡ್‌ನಲ್ಲಿ ಸುಮಾರು 9 ಮೈಕ್ರಾನ್. ಒಂದು ಫೈಬರನ್ನು ಹೇಗೋ ಜೋಡಿಸಬಹುದು. ಹನ್ನೆರಡನ್ನು ಒಟ್ಟಿಗೆ ಜೋಡಿಸುವಾಗ ಸಾಲು ಒಂದಿಷ್ಟು ಓರೆಯಾದರೂ ಮಧ್ಯದವು ಸರಿ ಇದ್ದು ತುದಿಯವು ತಪ್ಪುತ್ತವೆ. ಸರಿ ಮಾಡಿ ಅಂಟು ಹಾಕಿದ ಮೇಲೆ ಬಿಸಿಗೆ ಪ್ಲಾಸ್ಟಿಕ್ ಒಂದಷ್ಟು, ಸೆಮಿಕಂಡಕ್ಟರ್ ಇನ್ನೊಂದಷ್ಟು ಹಿಗ್ಗುತ್ತವೆ.

ನಾಲ್ಕನೆಯದು ಸ್ಕ್ಯೂ. ಗಾಜಿನಲ್ಲಿ ಬೆಳಕು ಒಂದು ನ್ಯಾನೋಸೆಕೆಂಡಿಗೆ ಸುಮಾರು 20 ಸೆಂಟಿಮೀಟರ್ ಹೋಗುತ್ತದೆ. 25 ಗಿಗಾಬಿಟ್ ವೇಗದಲ್ಲಿ ಒಂದು ಬಿಟ್‌ನ ಅವಧಿ 40 ಪಿಕೋಸೆಕೆಂಡ್. ಅಂದ್ರೆ ಫೈಬರ್‌ನೊಳಗೆ ಒಂದು ಬಿಟ್‌ನ ಉದ್ದ ಬರೀ 8 ಮಿಲಿಮೀಟರ್! ಎರಡು ಫೈಬರ್‌ಗಳ ಉದ್ದದಲ್ಲಿ ಅಷ್ಟು ವ್ಯತ್ಯಾಸ ಬಂದರೆ ಒಂದು ಲೇನ್ ಇನ್ನೊಂದಕ್ಕಿಂತ ಪೂರ್ತಿ ಒಂದು ಬಿಟ್ ಹಿಂದೆ. ಅನ್ನ ಬಡಿಸುವ ಮೊದಲೇ ಸಾರಿನವನು ಬಂದ ಹಾಗೆ. ಇದಕ್ಕೆ ಈಥರ್ನೆಟ್ ಒಂದು ಜಾಣ ಪರಿಹಾರ ಕಂಡುಕೊಂಡಿದೆ. ಪ್ರತಿ ಲೇನಿನಲ್ಲೂ ಆಗಾಗ ಒಂದು ಗುರುತು ಸೇರಿಸಿ ಕಳಿಸ್ತಾರೆ, ಅಲೈನ್‌ಮೆಂಟ್ ಮಾರ್ಕರ್ ಅಂತ ಅದರ ಹೆಸರು. ಆ ಕಡೆಯವರು ಗುರುತು ನೋಡಿ, ಮುಂಚೆ ಬಂದ ಲೇನನ್ನು ಬಫರ್‌ನಲ್ಲಿ ಕಾಯಿಸಿ, ಎಲ್ಲವನ್ನೂ ಸಾಲಿಗೆ ತರ್ತಾರೆ. ಎಲ್ಲ ಫೈಬರನ್ನೂ ಕರಾರುವಾಕ್ಕಾಗಿ ಒಂದೇ ಉದ್ದ ಕತ್ತರಿಸಿ ಅನ್ನೋದಕ್ಕಿಂತ ಇದು ಎಷ್ಟು ಅಗ್ಗ ನೋಡಿ.

ಐದನೆಯದು ಲೆಕ್ಕಾಚಾರ. ಒಂದು ಲೇಸರ್ ಚೆನ್ನಾಗಿರುವ ಸಾಧ್ಯತೆ 99% ಅಂದುಕೊಳ್ಳಿ. ಹನ್ನೆರಡೂ ಚೆನ್ನಾಗಿರುವ ಸಾಧ್ಯತೆ ಸುಮಾರು 89%. ನಲವತ್ತೆಂಟು ಇದ್ದರೆ ಸುಮಾರು 62%. ಪ್ರಾಬಬಿಲಿಟಿ ಕ್ಲಾಸಿನಲ್ಲಿ ಕೆಂಪು-ನೀಲಿ ಚೆಂಡು ಎಣಿಸಿ ಬೇಸತ್ತಿದ್ದೀವಲ್ಲ, ಅದರ ನಿಜವಾದ ಬಳಕೆ ಇಲ್ಲಿದೆ. ಪ್ರತಿ ಲೇಸರ್‌ನ ಗುಣಮಟ್ಟ 99%ಗಿಂತ ತುಂಬಾ ಮೇಲಿರಬೇಕು, ಇಲ್ಲದಿದ್ದರೆ ಒಂದೆರಡು ಹೆಚ್ಚುವರಿ ಲೇಸರ್ ಇಟ್ಟುಕೊಂಡು, ಕೆಟ್ಟದ್ದರ ಜಾಗಕ್ಕೆ ಅದನ್ನು ಹಾಕಿಕೊಳ್ಳುವ ವ್ಯವಸ್ಥೆ ಬೇಕು.

ವ್ಯಾಟ್ ಲೆಕ್ಕ ಯಾರು ಕೇಳ್ತಾರೆ?

ಸ್ಟ್ಯಾಂಡರ್ಡ್‌ಗಳ ಇತಿಹಾಸ ನೋಡಿದರೆ ಒಂದು ಹಗ್ಗಜಗ್ಗಾಟ ಕಾಣುತ್ತದೆ. 2010ರಲ್ಲಿ ಬಂದ 100 ಗಿಗಾಬಿಟ್ ಈಥರ್ನೆಟ್‌ನ ಮಲ್ಟಿಮೋಡ್ ರೂಪದಲ್ಲಿ ಕಳಿಸಲು ಹತ್ತು ಲೇನ್, ತಲಾ 10 ಗಿಗಾಬಿಟ್. 2015ರ ಹೊತ್ತಿಗೆ ಅದೇ ನೂರಕ್ಕೆ ನಾಲ್ಕು ಲೇನ್ ಸಾಕಾಯ್ತು, ತಲಾ 25. ಕಳಿಸಲು, ಪಡೆಯಲು ಸೇರಿ ಇಪ್ಪತ್ತು ಫೈಬರ್ ಇದ್ದದ್ದು ಎಂಟಕ್ಕೆ ಇಳಿಯಿತು. ಆಮೇಲೆ ಸೊನ್ನೆ-ಒಂದರ ಬದಲು ನಾಲ್ಕು ಮಟ್ಟದ ಪ್ಯಾಮ್-4 ಬಂತು. ಒಂದು ಸಲಕ್ಕೆ ಎರಡು ಬಿಟ್. ಆದರೆ ಅದೇ ಎತ್ತರದಲ್ಲಿ ಒಂದು ಕಣ್ಣಿನ ಬದಲು ಮೂರು ಕಣ್ಣು, ಪ್ರತಿಯೊಂದೂ ಮೂರನೇ ಒಂದು ಭಾಗ. ನಾಯ್ಸ್ ತಡೆಯಲು ಹೆಚ್ಚು ಸಿಗ್ನಲ್ ಪ್ರೊಸೆಸಿಂಗ್, ಹೆಚ್ಚು ಎರರ್ ಕರೆಕ್ಷನ್, ಹೆಚ್ಚು ವ್ಯಾಟ್.

ಹೆಚ್ಚು ವ್ಯಾಟ್ ಅಂದ್ರೆ ಎಷ್ಟು? ಇವತ್ತಿನ ಒಂದು 800 ಗಿಗಾಬಿಟ್ ಮಾಡ್ಯೂಲ್ ಸುಮಾರು 15 ವ್ಯಾಟ್ ತಿನ್ನುತ್ತದೆ. 51.2 ಟೆರಾಬಿಟ್‌ನ ಒಂದು ಸ್ವಿಚ್‌ನಲ್ಲಿ ಅಂಥ 64 ಮಾಡ್ಯೂಲ್. ಗುಣಿಸಿ ನೋಡಿ: 960 ವ್ಯಾಟ್. ಡೇಟಾವನ್ನು ಬೆಳಕಾಗಿಸಿ, ಬೆಳಕನ್ನು ಡೇಟಾ ಆಗಿಸೋಕೆ ಮಾತ್ರ, ಒಂದೇ ಸ್ವಿಚ್‌ನಲ್ಲಿ, ಇಸ್ತ್ರಿ ಪೆಟ್ಟಿಗೆಯೊಂದು ಹಗಲು ರಾತ್ರಿ ಉರಿದ ಹಾಗೆ. ಬಿಟ್ ಲೆಕ್ಕದಲ್ಲಿ ಹೇಳಬೇಕಾದರೆ ವ್ಯಾಟನ್ನು ಟೆರಾಬಿಟ್‌ನಿಂದ ಭಾಗಿಸಿ, ಸಿಗೋದು ಪಿಕೋಜೂಲ್. ಇಲ್ಲಿ ಸುಮಾರು 19.

ಈಗ ಹಳೆಯದೊಂದು ಉದಾಹರಣೆ ನೋಡಿ. 2012ರಲ್ಲಿ ಐಬಿಎಂ ಸಂಶೋಧಕರು 'ಹೋಲಿ ಆಪ್ಟೋಚಿಪ್' ಅಂತ ಒಂದು ಪ್ರೊಟೊಟೈಪ್ ತೋರಿಸಿದರು. ಹೋಲಿ ಅಂದ್ರೆ ಪವಿತ್ರ ಅಲ್ಲ, ತೂತಿನದ್ದು! ಸಾಧಾರಣ ಸಿಲಿಕಾನ್ ಚಿಪ್‌ಗೆ 48 ತೂತು ಕೊರೆದು, ಆ ತೂತುಗಳ ಮೂಲಕ 24 ಲೇಸರ್ ಮತ್ತು 24 ಡಿಟೆಕ್ಟರ್‌ಗಳಿಗೆ ಬೆಳಕಿನ ದಾರಿ ಮಾಡಿದ್ದರು. ಒಟ್ಟು ವೇಗ ಸೆಕೆಂಡಿಗೆ ಒಂದು ಟೆರಾಬಿಟ್, ಪವರ್ 5 ವ್ಯಾಟ್‌ಗಿಂತ ಕಡಿಮೆ. ಅಂದ್ರೆ ಬಿಟ್ಟಿಗೆ 5 ಪಿಕೋಜೂಲ್ ಒಳಗೆ. ಅದು ಲ್ಯಾಬ್ ಮಾದರಿ, ಇದು ಮಾರುಕಟ್ಟೆಯ ಸರಕು, ನೇರ ಹೋಲಿಕೆ ನ್ಯಾಯ ಅಲ್ಲ ಅಂತ ನಮಗೂ ಗೊತ್ತು. ಆದರೂ ಲೇಸರನ್ನು ಚಿಪ್‌ನ ಮೈಗೇ ಅಂಟಿಸಿದರೆ, ದಾರಿ ಹೆಚ್ಚು ಮಾಡಿ ಓಟ ಕಡಿಮೆ ಮಾಡಿದರೆ ಎಷ್ಟು ಉಳಿತಾಯ ಅಂತ ಅದು ತೋರಿಸಿತು.

ಈಗ ಉದ್ಯಮ ಆ ಕಡೆಗೇ ಬರ್ತಿದೆ. 2025ರಲ್ಲಿ ಎನ್‌ವಿಡಿಯಾ, ಸಿಲಿಕಾನ್ ಫೋಟಾನಿಕ್ಸನ್ನು ಸ್ವಿಚ್ ಚಿಪ್‌ನ ಪ್ಯಾಕೇಜಿನೊಳಗೇ ಇಡುವ ಉತ್ಪನ್ನಗಳನ್ನು ಘೋಷಿಸಿತು. ಅದೇ ವರ್ಷ ಮೈಕ್ರೋಸಾಫ್ಟ್ ಸಂಶೋಧಕರು 'ಮೊಸಾಯಿಕ್' ಅನ್ನೋ ಕೆಲಸ ಪ್ರಕಟಿಸಿದರು. ಅದರಲ್ಲಿ ಲೇಸರ್ ಇಲ್ಲವೇ ಇಲ್ಲ, ಮೈಕ್ರೋ ಎಲ್‌ಇಡಿ. ನೂರು ಚಾನೆಲ್, ತಲಾ ಬರೀ 2 ಗಿಗಾಬಿಟ್. ಚಿತ್ರ ಸಾಗಿಸುವ ಫೈಬರ್‌ನಲ್ಲಿ ಅಷ್ಟೂ ಚುಕ್ಕೆಗಳು ಒಟ್ಟಿಗೇ ಹೋಗ್ತವೆ. ಕಪಾನಿ-ಹಾಪ್ಕಿನ್ಸ್ ಅವರ ಎಳೆಗಳ ಕಟ್ಟು ಎಪ್ಪತ್ತು ವರ್ಷ ಆದ ಮೇಲೆ ಡೇಟಾ ಸೆಂಟರಿಗೆ ಬಂತು ಅನ್ನಬಹುದು.

ಹಾಗಂತ ಎಲ್ಲದಕ್ಕೂ ಬೆಳಕೇ?

ಇಲ್ಲ. ಇದನ್ನು ಒಪ್ಪಿಕೊಳ್ಳದಿದ್ದರೆ ನಮ್ಮ ವಾದ ಬರೀ ಅಭಿಮಾನ ಆಗುತ್ತದೆ. 2024ರಲ್ಲಿ ಎನ್‌ವಿಡಿಯಾ 72 ಜಿಪಿಯುಗಳ ಒಂದು ರ್‍ಯಾಕ್ ಪರಿಚಯಿಸಿತು. ಅದರೊಳಗೆ ಜಿಪಿಯುಗಳ ನಡುವೆ 5000ಕ್ಕೂ ಹೆಚ್ಚು ತಾಮ್ರದ ಕೇಬಲ್! ಅಲ್ಲಿ ಆಪ್ಟಿಕ್ಸ್ ಬಳಸಿದ್ದರೆ ಟ್ರಾನ್ಸೀವರ್‌ಗಳಿಗೇ 20 ಕಿಲೋವ್ಯಾಟ್ ಬೇಕಾಗುತ್ತಿತ್ತು ಅನ್ನೋದು ಜೆನ್ಸನ್ ಹುವಾಂಗ್ ಅವರ ಸಮರ್ಥನೆ. ಒಂದೆರಡು ಮೀಟರ್ ಒಳಗೆ ತಾಮ್ರ ಇವತ್ತಿಗೂ ರಾಜ. ಅತ್ತ ಅರ್ಧ ಕಿಲೋಮೀಟರ್ ದಾಟಿದರೆ ಫೈಬರ್‌ನ ಖರ್ಚೇ ದೊಡ್ಡದಾಗುತ್ತದೆ. ಆಗ ಹಲವು ಫೈಬರ್ ಬದಲು ಒಂದೇ ಫೈಬರ್‌ನಲ್ಲಿ ಹಲವು ಬಣ್ಣದ ಬೆಳಕು ಕಳಿಸೋದು ಲಾಭ. ಪ್ಯಾರಲಲ್ ಫೈಬರ್‌ನ ರಾಜ್ಯ ಇವೆರಡರ ನಡುವಿನದ್ದು. ಆದರೆ ಎಐ ಕ್ಲಸ್ಟರ್‌ಗಳು ಬೆಳೆಯುತ್ತಿರೋದು ಸರಿಯಾಗಿ ಆ ನಡುವಿನ ದೂರದಲ್ಲೇ.

"ಎಷ್ಟು ಫಾಸ್ಟ್?" ಅನ್ನೋ ಪ್ರಶ್ನೆ ಅರ್ಧ ಪ್ರಶ್ನೆ ಅಂತ ನಾವು ಹೇಳೋದು ಇದಕ್ಕೇ. "ಎಷ್ಟು ದೂರಕ್ಕೆ, ಎಷ್ಟು ವ್ಯಾಟ್‌ನಲ್ಲಿ, ಎಷ್ಟು ವರ್ಷ?" ಅಂತ ಸೇರಿಸಿದರೆ ಪೂರ್ತಿ. ಪರೀಕ್ಷೆಯಲ್ಲಿ ನಮಗೆ ಬರೋದು ಯಾವಾಗಲೂ ಅರ್ಧ ಪ್ರಶ್ನೆಯೇ.

ನಮ್ಮ ಮನೆಯ ಕಥೆ

ಈಗ ಸ್ವಲ್ಪ ಖಾರ. ನಮ್ಮ ವಿಭಾಗದ ಎಲೆಕ್ಟಿವ್ ಪಟ್ಟಿಯಲ್ಲಿ ಆಪ್ಟಿಕಲ್ ಕಮ್ಯುನಿಕೇಶನ್ ಇದೆ. ಪಟ್ಟಿಯಲ್ಲಿ ಮಾತ್ರ ಇದೆ. ಈ ವರ್ಷ ಸೀನಿಯರ್‌ಗಳಿಗೆ ಅದು ನಡೆಯಲಿಲ್ಲ, ಸಾಕಷ್ಟು ಹೆಸರು ಬರಲಿಲ್ಲ ಅಂತ. ಹೆಸರು ಕೊಟ್ಟಿದ್ದ ಕೆಲವರನ್ನೂ ಮಷಿನ್ ಲರ್ನಿಂಗ್ ಎಲೆಕ್ಟಿವ್‌ಗೆ ಸೇರಿಸಿದರು. ಮಷಿನ್ ಲರ್ನಿಂಗ್ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ತಮಾಷೆ ನೋಡಿ: ಆ ಮಾಡೆಲ್‌ಗಳನ್ನು ಟ್ರೈನ್ ಮಾಡುವ ಯಂತ್ರಗಳೇ ಯಾವ ತಂತ್ರಜ್ಞಾನದ ಮೇಲೆ ನಿಂತಿವೆಯೋ, ಅದನ್ನು ಕಲಿಯುವ ಕ್ಲಾಸನ್ನು ಮುಚ್ಚಿ ಅದರ ಕ್ಲಾಸ್ ತುಂಬಿಸಿದ್ದಾರೆ. ಬೇರಿಗೆ ಹಾಕುವ ನೀರು ನಿಲ್ಲಿಸಿ ಎಲೆ ಒರೆಸಿದ ಹಾಗೆ.

ತಪ್ಪು ಬರೀ ಮ್ಯಾನೇಜ್‌ಮೆಂಟಿನದ್ದಲ್ಲ. ಹೆಸರು ಕೊಡದಿದ್ದವರು ವಿದ್ಯಾರ್ಥಿಗಳೇ ತಾನೆ? ಅವರನ್ನು ಕೇಳಿದರೆ ಬರುವ ಉತ್ತರ, "ಅದರಲ್ಲಿ ಪ್ಲೇಸ್‌ಮೆಂಟ್ ಎಲ್ಲಿದೆ? ಭಾರತದಲ್ಲಿ ಲೇಸರ್ ಯಾರು ಮಾಡ್ತಾರೆ?" ನ್ಯಾಯವಾದ ಪ್ರಶ್ನೆ. ಮನೆಯಲ್ಲಿ ಲೋನ್ ಮಾಡಿ ಓದಿಸುತ್ತಿರುವಾಗ ಕೆಲಸದ ಬಗ್ಗೆ ಯೋಚನೆ ಮಾಡಬೇಡಿ ಅಂತ ಹೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ಆ ಪ್ರಶ್ನೆಗೆ ಉತ್ತರವೂ ಇದೆ. ಮೇಲೆ ಹೇಳಿದ ಐದು ತಲೆನೋವುಗಳನ್ನು ಮತ್ತೊಮ್ಮೆ ನೋಡಿ. ಲೇಸರ್ ಬೆಳೆಸೋದು ಅದರಲ್ಲಿ ಒಂದು ಭಾಗ ಅಷ್ಟೇ. ಉಳಿದದ್ದೆಲ್ಲ ಡ್ರೈವರ್‌ನ ಅನಲಾಗ್ ಸರ್ಕ್ಯೂಟ್, ಸಿಗ್ನಲ್ ಇಂಟೆಗ್ರಿಟಿ, ಥರ್ಮಲ್ ಡಿಸೈನ್, ಪ್ಯಾಕೇಜಿಂಗ್, ಟೆಸ್ಟಿಂಗ್. ಚಿಪ್ ಡಿಸೈನ್ ಆಫೀಸುಗಳು ಬೆಂಗಳೂರಿನಲ್ಲಿ ತುಂಬಿವೆ. ಆಪ್ಟಿಕಲ್ ನೆಟ್‌ವರ್ಕ್ ಉಪಕರಣ ಮಾಡುವ ತೇಜಸ್ ನೆಟ್‌ವರ್ಕ್ಸ್ 2000ದಲ್ಲಿ ಶುರುವಾದದ್ದು ಬೆಂಗಳೂರಿನಲ್ಲೇ. ಗುಜರಾತಿನ ಸಾಣಂದ್, ಅಸ್ಸಾಮಿನ ಜಾಗೀರೋಡ್‌ಗೆ ಬರ್ತಿರುವ ದೊಡ್ಡ ಸೆಮಿಕಂಡಕ್ಟರ್ ಘಟಕಗಳ ಕೆಲಸವೇ ಜೋಡಣೆ ಮತ್ತು ಪರೀಕ್ಷೆ. ಪ್ಯಾಕೇಜಿಂಗ್ ಅಂದ್ರೆ ಡಬ್ಬಿಗೆ ತುಂಬಿಸೋದು ಅಂತ ಮೂಗು ಮುರಿಯುವ ಕಾಲ ಹೋಯ್ತು. ಹನ್ನೆರಡು ಫೈಬರನ್ನು ಮೈಕ್ರಾನ್ ಲೆಕ್ಕದಲ್ಲಿ ಕೂರಿಸಿ ಹತ್ತು ವರ್ಷ ಅಲುಗದಂತೆ ಮಾಡೋದು ಸಣ್ಣ ಕೆಲಸವಾ?

ನಾವು ಕೇಳೋದು ಮೂರೇ ವಿಷಯ.

ಒಂದು, ಎಲೆಕ್ಟಿವ್ ನಡೆಸಲು ಬೇಕಾದ ಕನಿಷ್ಠ ಸಂಖ್ಯೆಯನ್ನು ಕೋರ್ ವಿಷಯಗಳಿಗಾದರೂ ಕಡಿಮೆ ಮಾಡಿ. ಹತ್ತು ಜನ ಕೇಳಿದರೂ ಕ್ಲಾಸ್ ನಡೆಯಲಿ. ಹನ್ನೆರಡು ಲೇಸರ್ ಸಾಕು ಒಂದು ಟ್ರಾನ್ಸ್‌ಮಿಟರಿಗೆ, ಹತ್ತು ವಿದ್ಯಾರ್ಥಿಗಳು ಸಾಲಲ್ವಾ ಒಂದು ಕ್ಲಾಸಿಗೆ?

ಎರಡು, ಲ್ಯಾಬಿನಲ್ಲಿ ಹಳೆಯ ಕಿಟ್ ಮೇಲೆ ಫೈಬರ್ ಬಗ್ಗಿಸಿ ನಷ್ಟ ಅಳೆಯುವ ಒಂದೇ ಪ್ರಯೋಗದ ಜೊತೆ ಒಂದು ನಾಲ್ಕು ಚಾನೆಲ್ ಟ್ರಾನ್ಸ್‌ಮಿಟರ್ ಕಟ್ಟುವ ಪ್ರಯೋಗ ಸೇರಿಸಿ. ದುಬಾರಿ ಲೇಸರ್ ಬೇಡ. ನಾಲ್ಕು ಕೆಂಪು ಎಲ್‌ಇಡಿ, ನಾಲ್ಕು ಟ್ರಾನ್ಸಿಸ್ಟರ್, ಪ್ಲಾಸ್ಟಿಕ್ ಫೈಬರ್, ನಾಲ್ಕು ಫೋಟೋಡಯೋಡ್, ಇದೆಲ್ಲ ಎಸ್‌ಪಿ ರೋಡಿನಲ್ಲಿ ಸಿಗುವ ಸಾಮಾನೇ. ಮೂರು ಚಾನೆಲ್ ಓಡಿಸಿ ನಾಲ್ಕನೆಯದರಲ್ಲಿ ಎಷ್ಟು ಗಲಾಟೆ ಕಾಣುತ್ತದೆ ಅಂತ ಆಸಿಲೋಸ್ಕೋಪಿನಲ್ಲಿ ಅಳೆಯೋಣ. ಕ್ರಾಸ್‌ಟಾಕ್ ಅನ್ನೋ ಪದವನ್ನು ಹತ್ತು ಸಲ ಬರೆಯೋದಕ್ಕಿಂತ ಒಂದು ಸಲ ಕಣ್ಣಾರೆ ನೋಡೋದು ಮೇಲು.

ಮೂರು, ಬೆಂಗಳೂರಿನ ಐಐಎಸ್‌ಸಿಯ ನ್ಯಾನೋ ಕೇಂದ್ರದಂಥ ಜಾಗಗಳನ್ನು ಹೊರಗಿನ ಕಾಲೇಜಿನವರೂ ಬಳಸಲಿ ಅಂತ ಕೇಂದ್ರ ಸರ್ಕಾರದ ಐಎನ್‌ಯುಪಿ ಕಾರ್ಯಕ್ರಮ ಇದೆ. ಅದರ ತರಬೇತಿಗೆ ನಮ್ಮಿಂದಲೂ ಒಂದು ತಂಡ ಹೋಗುವ ಹಾಗೆ ವಿಭಾಗದವರು ಒಂದು ಅರ್ಜಿ ಹಾಕಲಿ. ಕೇಳಿದರೆ ಹೋಗೋದೇನಿದೆ?

ಕೊನೆಯದಾಗಿ, ಇದನ್ನೆಲ್ಲ ಕನ್ನಡದಲ್ಲಿ ಯಾಕೆ ಬರೆದಿರಿ ಅಂತ ಕೇಳುವವರಿಗೆ. ನಾವೆಲ್ಲ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು. ರಿಲ್ಯಾಕ್ಸೇಶನ್ ಫ್ರೀಕ್ವೆನ್ಸಿಗೆ ಕನ್ನಡದ ಪದ ಹುಡುಕಿ ಸಿಗದೆ ಹಾಗೇ ಬಿಟ್ಟಿದ್ದೀವಿ, ನೀವೇ ನೋಡಿದ್ದೀರಿ. ಆದರೆ ಬರೆಯುವಾಗ ಒಂದು ವಿಷಯ ಗೊತ್ತಾಯ್ತು. ಇಂಗ್ಲಿಷಿನಲ್ಲಿ ಪುಸ್ತಕದ ವಾಕ್ಯವನ್ನು ಅರ್ಥ ಆಗದೆಯೂ ಇಳಿಸಿಬಿಡಬಹುದು, ಮಾರ್ಕ್ಸೂ ಬರುತ್ತದೆ. ಕನ್ನಡದಲ್ಲಿ ಇಳಿಸೋಕೆ ಸಿದ್ಧ ವಾಕ್ಯ ಇಲ್ಲ. ಅರ್ಥ ಮಾಡಿಕೊಂಡೇ ಬರೆಯಬೇಕು. ಮಧ್ಯದ ಲೇಸರ್ ಯಾಕೆ ಹೆಚ್ಚು ಬಿಸಿ ಅಂತ ಅಮ್ಮನಿಗೆ ಹೇಳುವ ಹಾಗೆ ಹೇಳೋಕೆ ಬಂದರೆ, ಅದು ನಿಮಗೆ ಅರ್ಥ ಆಗಿದೆ ಅಂತ.

ಮುಂದಿನ ತಿಂಗಳು ಸೀನಿಯರ್‌ಗಳಿಗೆ ಮತ್ತೆ ಎಲೆಕ್ಟಿವ್ ಆಯ್ಕೆಯ ಫಾರ್ಮ್ ಬರುತ್ತದೆ, ಬರುವ ವರ್ಷ ನಮ್ಮ ಸರದಿ. ಸೀನಿಯರ್‌ಗಳೇ, ಈ ಸಲ ಪಟ್ಟಿಯನ್ನು ಕೊನೆಯವರೆಗೂ ಓದಿ. ಆಪ್ಟಿಕಲ್ ಕಮ್ಯುನಿಕೇಶನ್ ಸಾಮಾನ್ಯವಾಗಿ ಕೆಳಗಿನ ಸಾಲಿನಲ್ಲಿರುತ್ತದೆ. ನೀವು ಹತ್ತು ಜನ ಹೆಸರು ಬರೆದರೆ ನಾವು ಬರುವ ಹೊತ್ತಿಗೆ ಆ ಕ್ಲಾಸ್ ಉಳಿದಿರುತ್ತದೆ.